ರಾತ್ರಿ ಪಾಳಿಯ ವಾರದಲ್ಲಿ ಬರುವವಳು

"ದೆವ್ವದ ಫೋಟೋ ತೆಗೀತೀರಾ ಅಕ್ಕಾ?" ಎಂದು ಆ ಹುಡುಗಿ ಕೇಳಿದಾಗ ನಾನು ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುತ್ತ ಕೂತಿದ್ದೆ. ತಲೆ ಎತ್ತದೆಯೇ, "ಅದಕ್ಕೇನಂತೆ, ಕರ್ಕೊಂಡು ಬಾ, ಸ್ಟೂಲ್ ಮೇಲೆ ಕೂರ್ಸು" ಅಂದೆ. ಕಾಲೇಜು ಹುಡುಗಿಯರು ಬಂದು ಕೀಟಲೆ ಮಾಡಿ ಹೋಗುವುದು ಮಾಮೂಲಿ. ಇವಳು ನಗಲಿಲ್ಲ. ಕತ್ತರಿ ಕೆಳಗಿಟ್ಟು ನೋಡಿದೆ. ಹತ್ತೊಂಬತ್ತು ಇಪ್ಪತ್ತರ ಪ್ರಾಯ, ಹೊಸ ತಾಳಿ, ಕೈತುಂಬ ಹಸಿರು ಬಳೆ, ಕಣ್ಣ ಕೆಳಗೆ ಕಪ್ಪು. ಭದ್ರಾವತಿಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಹೊಳಲೂರಿನ ತವರಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಶಿವಮೊಗ್ಗದಲ್ಲೇ ಇಳಿದುಬಿಟ್ಟಿದ್ದಳು. ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ಹೆಂಗಸೊಬ್ಬಳು ಸ್ಟುಡಿಯೋ ನಡೆಸುತ್ತಾಳೆಂದು ಯಾರೋ ಹೇಳಿದ್ದರಂತೆ.

ಆಗ ತೊಂಬತ್ತರ ದಶಕದ ನಡುಭಾಗ. ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಸ್ಟುಡಿಯೋದ ಷಟರ್ ಎತ್ತುತ್ತಿದ್ದೆ, ಸಂಜೆ ಇಳಿಸುತ್ತಿದ್ದೆ. ನಡುವೆ ಏನು ನಡೆಯುತ್ತಿತ್ತೋ ನನಗೇ ತಿಳಿಯುತ್ತಿರಲಿಲ್ಲ. ಮದುವೆಯ ಫೋಟೋ ತೆಗೆಯಲು ಹೋದರೂ ಒಂದೇ, ಹೆಣದ ಫೋಟೋ ತೆಗೆಯಲು ಹೋದರೂ ಒಂದೇ. ಫೋಕಸ್ ಸರಿ ಇದೆಯಾ, ಬೆಳಕು ಸಾಕಾ, ಅಷ್ಟೇ. ಅಳು ಕೂಡ ಬರುತ್ತಿರಲಿಲ್ಲ. ನೆಂಟರು ಗಟ್ಟಿಗಿತ್ತಿ ಅನ್ನುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ, ಮೈಯೆಲ್ಲ ಜೋಮು ಹಿಡಿದಂತಿತ್ತು.

ಹುಡುಗಿ ಹೇಳಿದ ಕತೆ ಇಷ್ಟು. ಗಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲೇ ನ್ಯೂ ಟೌನಿನಲ್ಲಿ ಕ್ವಾರ್ಟರ್ಸು. ಅವನ ಮೊದಲ ಹೆಂಡತಿ ಕಾಮಾಲೆಯಾಗಿ ಅದೇ ಮನೆಯಲ್ಲಿ ತೀರಿಕೊಂಡಿದ್ದಳು. ಇವಳು ಎರಡನೆಯವಳು. ಮದುವೆಯಾಗಿ ಬಂದಾಗಿನಿಂದ ಹಿಂದಿನ ಕೋಣೆಯ ಗೋಡೆಯ ಮೇಲೆ, ಮಟಮಟ ಮಧ್ಯಾಹ್ನ, ಕೂದಲು ಬಿಟ್ಟುಕೊಂಡ ಒಬ್ಬ ಹೆಂಗಸು ತಲೆಕೆಳಗಾಗಿ ಕಾಣಿಸುತ್ತಾಳೆ. ಅದೂ ಮಂಗಳವಾರ, ಶುಕ್ರವಾರ. ಅತ್ತೆ ಇದನ್ನು ಸುತರಾಂ ನಂಬುವುದಿಲ್ಲ. ದೇವರಂಥ ಮೊದಲ ಸೊಸೆಯ ಹೆಸರಿಗೆ ಮಸಿ ಬಳಿಯುತ್ತಿದ್ದಾಳೆ, ಬೇರೆ ಮನೆ ಮಾಡಿಸಿಕೊಳ್ಳಲು ನಾಟಕ ಕಟ್ಟಿದ್ದಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಈ ಅಮಾವಾಸ್ಯೆಯೊಳಗೆ ನಿಲ್ಲದಿದ್ದರೆ ಇವಳನ್ನು ಹೊಳಲೂರಿಗೆ ಬಿಟ್ಟು ಬರುವುದೆಂದು ತೀರ್ಮಾನವಾಗಿದೆ.

"ನಿನ್ನ ಗಂಡ ಏನಂತಾನೆ?"

"ಅವರು ಏನೂ ಅನ್ನಲ್ಲ ಅಕ್ಕಾ. ನನಗೇನೂ ಕಾಣ್ಸಲ್ಲ ಅಂತಾರೆ. ಹುಚ್ಚಿ ಅಂತ ವಾಪಸ್ ಕಳಿಸಿದ್ರೆ ನನ್ನ ಹಿಂದೆ ಇಬ್ರು ತಂಗೀರಿದಾರೆ, ಅವರನ್ನ ಯಾರು ಮಾಡ್ಕೊಳ್ತಾರೆ? ಫೋಟೋದಲ್ಲಿ ಬಂದ್ರೆ ನಂಬ್ತೀನಿ ಅಂತ ಅತ್ತೇನೇ ಅಂದಿದಾರೆ. ಬರಲ್ಲ ಅಂತ ಧೈರ್ಯ ಅವರಿಗೆ."

ದೆವ್ವದ ಭಯ ನನಗಿರಲಿಲ್ಲ. ಆಗ ನನಗೆ ಯಾವ ಭಯವೂ ಇರಲಿಲ್ಲ. ಬರುತ್ತೇನೆ ಅಂದೆ.

ಆ ಶುಕ್ರವಾರವೇ ಹೋದೆ. ಸಾಲು ಸಾಲು ಒಂದೇ ನಮೂನೆಯ ಮನೆಗಳು. ಎರಡು ಸಾಲುಗಳ ಬೆನ್ನ ನಡುವೆ ಒಂದು ಓಣಿ, ಅಲ್ಲೇ ಬಟ್ಟೆ ಒಗೆಯುವ ಕಲ್ಲು, ಬಟ್ಟೆ ಹರವುವ ತಂತಿ. ಮುಂದಿನ ಕೋಣೆಯಲ್ಲಿ ಸತ್ತವಳ ಫೋಟೋ, ಅದಕ್ಕೆ ಹೂವು. ಅತ್ತೆ ಹಣೆತುಂಬ ವಿಭೂತಿಯ ಹೆಂಗಸು, ಮಾತು ಖಡಕ್ಕು.

"ಬನ್ನಿ ಮೇಡಂ. ತೆಗೀರಿ, ಎಷ್ಟು ಬೇಕಾದ್ರೂ ತೆಗೀರಿ. ಆಮೇಲೆ ಇವಳ ಕೈಗೆ ಕೊಟ್ಟು ನೋಡ್ಕೋ ಅಂತ ಹೇಳಿ."

ಗಂಡ ಬೆಳಗಿನ ಪಾಳಿಗೆ ಹೋಗಿದ್ದ. ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು. ಮದುವೆಗೆಂದು ಸುಣ್ಣ ಹೊಡೆಸಿದ್ದ ಗೋಡೆ ಬೆಳ್ಳಗಿತ್ತು. ಬೆಳಕು ಕಮ್ಮಿಯೆನಿಸಿ ಕಿಟಕಿಯ ಬಾಗಿಲನ್ನು ಇನ್ನಷ್ಟು ತೆರೆದೆ. ಟ್ರೈಪಾಡ್ ನಿಲ್ಲಿಸಿ ಗೋಡೆಯನ್ನು ಮೂಲೆಯಿಂದ ಮೂಲೆಗೆ ತೆಗೆದೆ. ಮುಂದಿನ ಕೋಣೆಯ ಫೋಟೋವನ್ನೂ ಒಂದು ತೆಗೆದುಕೊಂಡೆ, ಹೋಲಿಸಿ ನೋಡಲು ಬೇಕಾಗಬಹುದೆಂದು. ಗೋಡೆ ಗೋಡೆಯಾಗಿಯೇ ಇತ್ತು. ಹುಡುಗಿ ಬಾಗಿಲಲ್ಲಿ ನಿಂತು ಬೆವರುತ್ತಿದ್ದಳು.

"ಎಲ್ಲಿ ಮಾರಾಯ್ತಿ ನಿನ್ನ ಹೆಂಗಸು?"

"ಎಲ್ಲಾ ವಾರಾನೂ ಬರಲ್ಲ ಅಕ್ಕಾ. ಇವರಿಗೆ ನೈಟ್ ಶಿಫ್ಟ್ ಇದ್ದಾಗ ಬರ್ತಾಳೆ."

ಅತ್ತೆ ಅಡುಗೆಮನೆಯಿಂದಲೇ ನಕ್ಕಳು. "ಕೇಳಿದ್ರಾ? ಗಂಡ ಹಗಲು ಮನೇಲಿ ಮಲಗಿದ್ದಾಗ ಮಾತ್ರ ದೆವ್ವ. ಅವನ ಮುಂದೆ ಕಿರುಚಬೇಕಲ್ಲ!"

ನನಗೂ ಹಾಗೇ ಅನ್ನಿಸಿತು. ಸುಳ್ಳೇಕೆ ಹೇಳಲಿ, ಆ ದಿನ ನಾನು ಅತ್ತೆಯ ಕಡೆಗೇ ಇದ್ದೆ. ಆದರೂ ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಅವನ ರಾತ್ರಿ ಪಾಳಿ ಯಾವಾಗ ಎಂದು ಕೇಳಿಕೊಂಡೆ.

ಆ ವಾರದ ಮಂಗಳವಾರ ಮತ್ತೆ ಹೋದೆ. ಈ ಸಲ ಕೋಣೆ ಬೇರೆಯದೇ ಆಗಿತ್ತು. ರಾತ್ರಿಯಿಡೀ ಕುಲುಮೆಯ ಮುಂದೆ ನಿಂತು ಬಂದವನು ಹಗಲು ನಿದ್ದೆ ಮಾಡಬೇಕಲ್ಲ, ಆ ಬೀದಿಯ ಮನೆಗಳಲ್ಲೆಲ್ಲ ಅದಕ್ಕೊಂದು ಏರ್ಪಾಡಿರುತ್ತದೆ. ಕಿಟಕಿಯ ಮರದ ಬಾಗಿಲು ಬಿಗಿಯಾಗಿ ಮುಚ್ಚಿದ್ದರು, ಮೇಲಿನ ಗಾಜಿಗೆ ಕಂದು ಕಾಗದ ಅಂಟಿಸಿದ್ದರು, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದ್ದರು. ಗಂಡ ಮಂಚದ ಮೇಲೆ ಮಲಗಿದ್ದ. ಮೂವತ್ತರ ಮೇಲಿನ ಬಡಕಲು ಮನುಷ್ಯ. ಏಳಬೇಡಪ್ಪ, ನೀನು ಮಲಗೇ ಇರು, ಅಂದೆ. ಹೂಂ ಅಂದ, ಅಷ್ಟೇ.

ಓಣಿಯ ಬಿಸಿಲಿನಿಂದ ಒಳಗೆ ಬಂದ ನನಗೆ ಏನೂ ಕಾಣಲಿಲ್ಲ. ತಡಕಾಡಿ ಕ್ಯಾಮೆರಾ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ, ಮೊದಲಿಂದಲೂ ಒಳಗೇ ಇದ್ದ ಹುಡುಗಿ ನನ್ನ ತೋಳು ಹಿಡಿದು, "ಅಗೋ ಅಕ್ಕಾ, ಅಗೋ" ಎಂದು ಕಿರುಚಿದಳು. ಫ್ಲ್ಯಾಶ್ ಹೊಡೆದೆ. ಬರೀ ಬಿಳಿ ಗೋಡೆ, ಒಂದು ಮೊಳೆ. ಮತ್ತೆ ಹೊಡೆದೆ, ಮತ್ತೆ ಹೊಡೆದೆ. ಮಂಚದ ಮೇಲಿಂದ ಗಂಡ ಎದ್ದು ಕೂತು, "ಆ ಲೈಟು ಹಾಕ್ಬೇಡಿ ಮೇಡಂ, ಸಾಕು!" ಎಂದು ಗದರಿದ. ನಿದ್ದೆ ಕೆಟ್ಟವನಿಗೆ ಸಿಟ್ಟು ಬರುವುದು ಸಹಜವೆಂದು ಹೊರಗೆ ಬಂದುಬಿಟ್ಟೆ.

ಬಸ್ ಸ್ಟಾಪಿನವರೆಗೆ ಹುಡುಗಿ ಜೊತೆಗೆ ಬಂದಳು. ಬಸ್ಸು ಕಾಣಿಸಿದ ಮೇಲೆ ಬಾಯಿಬಿಟ್ಟಳು.

"ಅಕ್ಕಾ, ಬರದಿದ್ರೆ ನೀವೇ ಮಾಡಿಕೊಡಿ. ನಿಮಗೆ ಬರುತ್ತಂತಲ್ಲ, ಒಬ್ಬನ್ನೇ ಇಬ್ರು ಮಾಡೋದು. ನಿಮ್ಮ ದಮ್ಮಯ್ಯ."

ಬರುತ್ತಿತ್ತು. ಡಬಲ್ ರೋಲ್ ಫೋಟೋದಲ್ಲಿ ನಮ್ಮ ಯಜಮಾನರದು ಎತ್ತಿದ ಕೈ. ಪಡ್ಡೆ ಹುಡುಗರು ತಮಗೆ ತಾವೇ ಕೈಕುಲುಕುವ ಫೋಟೋಗಾಗಿ ಸಾಲುಗಟ್ಟುತ್ತಿದ್ದರು. ಆ ಸಂಜೆ ರೋಲು ತೊಳೆದು ಒಣಗಿಸಿ ನೋಡಿದೆ. ಏನೂ ಇಲ್ಲದ ಗೋಡೆ, ಫ್ರೇಮಿನ ಮೇಲೆ ಫ್ರೇಮು. ಆಮೇಲೆ ಯಾಕೋ ಎದ್ದು ಗೋಡೆಯ ನೆಗೆಟಿವನ್ನು ಎನ್‌ಲಾರ್ಜರಿಗೆ ಹಾಕಿದೆ, ಅರ್ಧ ಬೆಳಕು ಕೊಟ್ಟೆ. ಅದೇ ಕಾಗದದ ಮೇಲೆ ಸತ್ತವಳ ಫೋಟೋದ ನೆಗೆಟಿವನ್ನು ತಲೆಕೆಳಗು ಮಾಡಿ, ಫೋಕಸ್ ತುಸು ಕೆಡಿಸಿ, ಇನ್ನರ್ಧ ಕೊಟ್ಟೆ. ಡೆವಲಪರ್ ತಟ್ಟೆಯಲ್ಲಿ ಆ ಮುಖ ನಿಧಾನವಾಗಿ ಎದ್ದುಬಂತು. ಚೆನ್ನಾಗಿಯೇ ಬಂದಿತ್ತು, ಯಾರಾದರೂ ನಂಬುವ ಹಾಗೆ.

ಚಿತ್ರ ಅಳಿಯದಂತೆ ನಿಲ್ಲಲು ಅದನ್ನು ಹೈಪೋ ದ್ರಾವಣದಲ್ಲಿ ಮುಳುಗಿಸಿ ಕೂತಾಗ ಹೊಳೆಯಿತು. ಇದನ್ನು ಕೊಟ್ಟರೆ ಅತ್ತೆ ನಂಬುತ್ತಾಳೆ. ನಂಬಿದ ಮೇಲೆ ಸುಮ್ಮನಿರುತ್ತಾಳೆಯೇ? ದೆವ್ವ ಬಿಡಿಸುವವನು ಬರುತ್ತಾನೆ. ಗೋಡೆಗೆ ಬೇವಿನ ಸೊಪ್ಪಿನಿಂದ ಹೊಡೆದು ಯಾರಿಗೇನು ಉಪಯೋಗ, ಕಂಡವಳನ್ನೇ ಕೂರಿಸಿ ಹೊಡೆಯುತ್ತಾರೆ. ಫೋಟೋ ಹರಿದು ಕಸಕ್ಕೆ ಹಾಕಿದೆ.

ಹಾಕುವಾಗ ಇನ್ನೊಂದು ಗಮನಕ್ಕೆ ಬಂತು. ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡ ತಕ್ಷಣ ಕೆಂಪು ದೀಪದಲ್ಲಿ ನನ್ನ ಕೈಯೇ ನನಗೆ ಕಾಣುವುದಿಲ್ಲ. ಈಗ ಕಸದ ಬುಟ್ಟಿಯಲ್ಲಿ ಬಿದ್ದ ಚೂರುಗಳ ಮೇಲಿನ ಕೂದಲೂ ಕಾಣುತ್ತಿತ್ತು. ಕಣ್ಣು ಒಗ್ಗಲು ಹೊತ್ತು ಬೇಕು. ನ್ಯೂ ಟೌನಿನ ಆ ಕೋಣೆಯಲ್ಲಿ ನಾನು ಕಣ್ಣಿಗೆ ಆ ಹೊತ್ತೇ ಕೊಟ್ಟಿರಲಿಲ್ಲ. ಮೊದಲ ಸಲ ಕಿಟಕಿ ತೆರೆದೆ, ಎರಡನೇ ಸಲ ಫ್ಲ್ಯಾಶ್ ಹೊಡೆದೆ. ಥೂ, ಎಷ್ಟು ವರ್ಷದ ಕಸುಬು! ಎರಡು ಸಲವೂ ಬೆಳಕು ಸುರಿದು ಹುಡುಕಿದ್ದೆ.

ಶುಕ್ರವಾರ ಫ್ಲ್ಯಾಶನ್ನು ಸ್ಟುಡಿಯೋದಲ್ಲೇ ಬಿಟ್ಟು ಹೋದೆ. ಮಧ್ಯಾಹ್ನಕ್ಕೆ ಸಾಕಷ್ಟು ಮುಂಚೆಯೇ ಕೋಣೆ ಸೇರಿ, ಗೋಣಿಚೀಲ ಒತ್ತಿಸಿ, ಮೂಲೆಯಲ್ಲಿ ನೆಲದ ಮೇಲೆ ಕೂತೆ. ಹುಡುಗಿ ಹೊರಗೇ ಇದ್ದಳು. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದಿದೆ ಅಂದುಕೊಂಡೆ.

ಮೊದಲು ಕತ್ತಲೆ. ಆಮೇಲೆ ಗೋಡೆ ಇದೆಯೆಂದು ತಿಳಿಯಿತು. ಆಮೇಲೆ ಗೋಡೆಯ ಮೇಲೆ ಏನೋ ಮಸುಕು, ಮಸುಕಿಗೆ ಬಣ್ಣ. ಹಾಗೇ ನೋಡುತ್ತಿದ್ದೆ. ಒಬ್ಬ ಹೆಂಗಸು ನಡೆದು ಬಂದು ನಿಂತಳು. ಪಾದ ಸೂರಿನ ಕಡೆ, ತಲೆ ನೆಲದ ಕಡೆ. ಬಿಚ್ಚಿದ ಕೂದಲು ಮೇಲಕ್ಕೆ ಹರಡಿತ್ತು. ಕೈಯಿಂದ ಅದನ್ನು ಒಮ್ಮೆ ಕೊಡವಿದಳು.

"ಬಂದ್ರಾ?" ಎಂದು ಕೇಳಿಯೇಬಿಡುವವಳಿದ್ದೆ. ಕೇಳಬೇಕೆಂದಿದ್ದು ಈ ಮನೆಯ ಸತ್ತವಳನ್ನಲ್ಲ, ನಮ್ಮ ಯಜಮಾನರನ್ನು. ದೆವ್ವವೆಂಬುದು ನಿಜವಾಗಿದ್ದರೆ ಅವರೂ ಎಲ್ಲೋ ಇರಬೇಕಲ್ಲ ಎಂಬ ಆಸೆ ಆ ಒಂದು ಕ್ಷಣ ಬಂದುಹೋಯಿತು. ನನಗೆ ನಾಚಿಕೆಯಾಯಿತು.

ಆಮೇಲೆ ಗೋಡೆಯ ಬುಡದಲ್ಲಿ ನೀಲಿ ಕಂಡಿತು. ಆಕಾಶ. ಮೇಲುಗಡೆ ಕಂದು ನೆಲ, ಅಡ್ಡಲಾಗಿ ತಂತಿ, ತಂತಿಯಿಂದ ಮೇಲಕ್ಕೆ ಜೋತುಬಿದ್ದ ಒಂದು ಲುಂಗಿ. ಅಂಗಡಿಯಲ್ಲಿ ಮಾವನವರ ಕಾಲದ ಒಂದು ಸ್ಟ್ಯಾಂಡ್ ಕ್ಯಾಮೆರಾ ಇದೆ. ಕಪ್ಪು ಬಟ್ಟೆ ಹೊದ್ದು ಅದರ ಗಾಜಿನ ಮೇಲೆ ನೋಡಿದರೆ ಎದುರಿಗಿನ ಜನ ಹೀಗೇ ತಲೆಕೆಳಗಾಗಿ ನಿಂತಿರುತ್ತಾರೆ. ಮದುವೆಯಾದ ಹೊಸತರಲ್ಲಿ ಯಜಮಾನರು ನನಗೆ ತೋರಿಸಿದ್ದರು. ಎದ್ದು ಕಿಟಕಿ ತಡಕಿದೆ. ಮರದ ಬಾಗಿಲಲ್ಲಿ ಹಳೆಯ ಚಿಲಕದ ಬೋಲ್ಟು ಬಿದ್ದುಹೋದ ಒಂದು ತೂತು, ಪೆನ್ಸಿಲ್ ತೂರುವಷ್ಟು. ಬೆರಳಿಟ್ಟೆ. ಗೋಡೆ ಕಪ್ಪಾಯಿತು. ಬೆರಳು ತೆಗೆದೆ. ಹೆಂಗಸು ಮತ್ತೆ ಬಂದಳು.

ಇಡೀ ಕೋಣೆಯೇ ಒಂದು ಕ್ಯಾಮೆರಾ ಆಗಿಬಿಟ್ಟಿತ್ತು. ಕತ್ತಲು ಮಾಡಿದಾಗ ಮಾತ್ರ, ಅಂದರೆ ರಾತ್ರಿ ಪಾಳಿಯ ವಾರದಲ್ಲಿ ಮಾತ್ರ. ಓಣಿಗೆ ಬಿಸಿಲು ಇಳಿದಾಗ ಮಾತ್ರ, ಅಂದರೆ ಮಧ್ಯಾಹ್ನ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಲೆನ್ಸ್ ಪೂರ್ತಿ ತೆರೆದು, ಷಟರನ್ನು ಕೇಬಲ್ಲಿನಿಂದ ಹಿಡಿದೇ ಇಟ್ಟು, ಮನಸ್ಸಿನಲ್ಲಿ ನಿಧಾನವಾಗಿ ಎಣಿಸುತ್ತ ಹೋದೆ. ಕೂದಲು ಒಣಗಿಸುವವಳು ಅಲ್ಲಾಡದೆ ನಿಂತಿದ್ದು ನನ್ನ ಪುಣ್ಯ. ಒಂದಕ್ಕಿಂತ ಒಂದಕ್ಕೆ ಹೆಚ್ಚು ಹೊತ್ತು ಕೊಟ್ಟು ಆ ರೋಲು ಮುಗಿಸಿದೆ.

ಅತ್ತೆಗೆ ಏನೂ ಹೇಳದೆ ಓಣಿಗೆ ಹೋದೆ. ಹಿಂದಿನ ಸಾಲಿನ ಮನೆಗೆ ಹೊಸದಾಗಿ ಬಂದ ತಮಿಳು ಹೆಂಗಸು ಕಲ್ಲಿನ ಹತ್ತಿರ ಇನ್ನೂ ಬಿಸಿಲಿಗೆ ತಲೆಯೊಡ್ಡಿ ನಿಂತಿದ್ದಳು.

"ದಿನಾ ಹೀಗೇ ನಿಲ್ತೀರಾ ಅಮ್ಮಾ?"

"ಇಲ್ಲಮ್ಮಾ. ಚೆವ್ವಾಯ್, ವೆಳ್ಳಿ, ಮಂಗಳವಾರ ಶುಕ್ರವಾರ ತಲೆಗೆ ಸ್ನಾನ ನಮ್ದು. ಯಾಕೆ, ಫೋಟೋನಾ? ಇರಿ ಇರಿ, ಒಳ್ಳೆ ಸೀರೆ ಉಟ್ಕೊಂಡು ಬರ್ತೀನಿ!"

ಪಾಪ, ಆಮೇಲೊಂದು ದಿನ ಬಂದು ತೆಗೆದುಕೊಡುತ್ತೇನೆ ಎಂದು ಒಪ್ಪಿಸಿ ಹೊರಟೆ.

ಶನಿವಾರ ಮಧ್ಯಾಹ್ನ ಫೋಟೋ ಹಿಡಿದುಕೊಂಡು ಹೋದೆ. ಅತ್ತೆ ನೋಡಿದಳು. ಅದು ಕೈಜಾರಿ ನೆಲಕ್ಕೆ ಬಿತ್ತು. "ಶಿವಾ ಶಿವಾ! ಇವಳು ಹೇಳಿದ್ದು ನಿಜಾನೇ!" ನಾನು ಫೋಟೋ ಎತ್ತಿ ತಿರುಗಿಸಿ ಹಿಡಿದೆ. "ನೋಡಿ, ದೆವ್ವ ಅಲ್ಲ. ಹಿಂದಿನ ಮನೆಯವರು, ತಲೆ ಒಣಗಿಸ್ತಿರೋದು." ಅವಳು ಕಣ್ಣು ಕಿರಿದು ಮಾಡಿ ನೋಡಿ ತಲೆ ಅಲ್ಲಾಡಿಸಿದಳು.

"ನನಗೆ ಹೇಳ್ಬೇಡಿ ಮೇಡಂ. ಸೆರಗು ನೋಡಿ, ಬಲಗಡೆ ಹೆಗಲ ಮೇಲಿದೆ. ಆ ಹೆಂಗಸು ಎಡಕ್ಕೆ ಹಾಕೋದು. ಬದುಕಿರೋರು ಯಾರಾದ್ರೂ ಹೀಗೆ ಉಡ್ತಾರಾ?"

ಎಲಾ ಇವಳಾ, ಎಂಥ ಕಣ್ಣು! ತೂತಿನಿಂದ ಬಂದ ಚಿತ್ರವನ್ನು ಹಾಗೇ ತಿರುಗಿಸಿದರೆ ಎಡ ಬಲ ಅದಲುಬದಲಾಗುತ್ತದೆ. ನೆಗೆಟಿವನ್ನು ಮಗುಚಿ ಹಾಕಿ ಪ್ರಿಂಟ್ ಮಾಡಬೇಕಿತ್ತು, ಅವಸರದಲ್ಲಿ ಬಿಟ್ಟಿದ್ದೆ. ಈಗ ಎಷ್ಟು ವಿವರಿಸಿದರೂ ಅವಳ ತಲೆಗೆ ಹೋಗದು. ಯಾರನ್ನೋ ಕರೆಸುವ ಮಾತು ಆಗಲೇ ಅವಳ ಬಾಯಿಗೆ ಬಂದಿತ್ತು, ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಫೋಟೋದ ಸಹವಾಸವೇ ಬೇಡವೆಂದು ನಿರ್ಧರಿಸಿದೆ.

"ನೀನು ಹಿಂದಿನ ಓಣಿಗೆ ಹೋಗು. ಕಲ್ಲಿನ ಹತ್ರ ಬಿಸಿಲಲ್ಲಿ ನಿಂತ್ಕೋ. ನಾನು ಕೂಗಿದಾಗ ಕೈ ಎತ್ತು" ಎಂದು ಹುಡುಗಿಗೆ ಹೇಳಿ, ಅತ್ತೆಯನ್ನು ಕೋಣೆಯೊಳಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಅವಳು ಪಂಚಾಕ್ಷರಿ ಜಪಿಸುತ್ತ ನನ್ನ ಸೆರಗು ಹಿಡಿದುಕೊಂಡು ಕೂತಳು. ಮಂಚದ ಮೇಲೆ ಅವಳ ಮಗ ಎಚ್ಚರವಾಗಿದ್ದ. ಹುಡುಗಿ ಹೊರಗೆ ಬಿಸಿಲಲ್ಲಿ ನಿಂತೇ ಇದ್ದಳು. ಅತ್ತೆಯ ಕಣ್ಣು ಒಗ್ಗುವವರೆಗೆ ನಾನು ಅಲ್ಲಾಡಲಿಲ್ಲ.

"ಅಯ್ಯೋ, ಯಾರೋ ನಿಂತಿದಾರೆ. ತಲೆಕೆಳಗೆ!"

"ಸೀರೆ ಯಾವ ಬಣ್ಣ?"

"ಹಳದಿ. ಅಯ್ಯೋ ಶಿವನೇ, ಹಳದಿ ಇವಳ್ದಲ್ವಾ?"

"ಕೈ ಎತ್ತು!" ಎಂದು ಕೂಗಿದೆ. ಗೋಡೆಯ ಮೇಲೆ ಒಂದು ಕೈ ನೆಲದತ್ತ ಇಳಿಯಿತು. ಬಳೆಗಳು ಹೊಳೆದವು. ಅತ್ತೆ ನನ್ನ ಸೆರಗು ಬಿಟ್ಟು, "ಹಂಗಾದ್ರೆ ಈ ಹುಡುಗಿ ಸುಳ್ಳು ಹೇಳಿರ್ಲಿಲ್ಲ" ಅಂದಳು. ಎದ್ದು ಬಾಗಿಲು ತೆರೆದು ಮುಂದಿನ ಬೀದಿಗೇ ಓಡಿದಳು, ಅಕ್ಕಪಕ್ಕದವರನ್ನು ಕರೆದು ತೋರಿಸಲು. ಅವಳ ದನಿಯಲ್ಲಿ ಈಗ ಹೆಮ್ಮೆಯಿತ್ತು. ಗೆದ್ದೆವು ಅಂದುಕೊಂಡೆ. ನಾನು ಟ್ರೈಪಾಡಿನ ಕಾಲು ಮಡಿಸತೊಡಗಿದೆ.

ಗಂಡ ಮಂಚದ ಮೇಲೆ ಎದ್ದು ಕೂತಿದ್ದ.

"ಮೇಡಂ, ಪ್ರತಿ ಸಲಾನೂ ಅವರೇನಾ? ಆ ಹಿಂದಿನ ಮನೆಯವರೇನಾ?"

"ಹೂಂ ಕಣಪ್ಪ."

"ಒಂದ್ ಸಲನೂ ಬೇರೆ ಯಾರೂ ಆಗಿರ್ಲಿಲ್ವಾ?"

ನನ್ನ ಕೈ ನಿಂತಿತು. "ನೀನೂ ನೋಡ್ತಿದ್ದೆಯಾ?"

"ಮದುವೆ ಆದಾಗಿಂದ. ನೈಟ್ ಶಿಫ್ಟ್ ವಾರ ನಾನು ಮಲಗ್ತಾನೇ ಇರ್ಲಿಲ್ಲ ಮೇಡಂ. ನಾನು ಇನ್ನೊಂದು ಮಾಡ್ಕೊಂಡೆ ಅಂತ ಮೊದಲನೇವಳು ಬೇಜಾರಾಗಿ ಬಂದಿದಾಳೆ ಅಂದ್ಕೊಂಡಿದ್ದೆ. ಬರ್ಲಿ, ನೋಡ್ಕೊಂಡು ಇರೋಣ ಅಂತ." ಅವನು ಅಳುತ್ತಿದ್ದ. "ಇವಳು ಹೇಳಿದ್ರೆ ಅವ್ವ ನಂಬಲ್ಲ. ನಾನು ಹೇಳಿದ್ರೆ ನಂಬ್ತಿದ್ಲು. ಮಾರನೇ ದಿನಾನೇ ಯಾರನ್ನಾದ್ರೂ ಕರ್ಕೊಂಡು ಬಂದು ಅವಳನ್ನ ಓಡಿಸ್ತಿದ್ಲು."

ನನಗೆ ಅವನ ಸಂಕಟ ಅರ್ಥವಾಯಿತು. ನಾನಾಗಿದ್ದರೂ ಮಲಗುತ್ತಿರಲಿಲ್ಲ. ಅವನ ಭುಜ ಮುಟ್ಟಿ ಏನಾದರೂ ಹೇಳಬೇಕೆಂದು ತಿರುಗಿದರೆ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಬಿಸಿಲಿನಿಂದ ಬಂದ ಅವಳ ಕಣ್ಣಿಗೆ ನಾವಿಬ್ಬರೂ ಕಂಡಿರಲಿಕ್ಕಿಲ್ಲ. ಮಾತೆಲ್ಲ ಕೇಳಿಸಿಕೊಂಡಿದ್ದಳು.

"ಹಾಗಾದ್ರೆ ನನ್ನನ್ನ ಓಡಿಸಿದ್ರೆ ಪರ್ವಾಗಿರ್ಲಿಲ್ಲ ನಿಮಗೆ" ಅಂದಳು.

ಅವಳ ದನಿ ಏರಲಿಲ್ಲ. ಅವನು ಲುಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಹೊರಗೆ ಅತ್ತೆ ಹೆಂಗಸರನ್ನು ಕೂಡಿಸಿಕೊಂಡು ಬರುತ್ತಿರುವ ಸದ್ದು ಕೇಳುತ್ತಿತ್ತು. ಹುಡುಗಿ ಅಡುಗೆಮನೆಗೆ ಹೋಗಿ ತಟ್ಟೆ ಇಟ್ಟು, "ಅಕ್ಕಾ, ಊಟ ಮಾಡ್ಕೊಂಡೇ ಹೋಗ್ಬೇಕು" ಅಂದಳು. ನನಗೆ ಬಡಿಸಿದಳು, ಅವನಿಗೂ ಬಡಿಸಿದಳು. ಅನ್ನ, ಸಾರು, ಉಪ್ಪಿನಕಾಯಿ. ಅತ್ತ ಅತ್ತೆ ಹೆಂಗಸರನ್ನು ಕೋಣೆಯೊಳಗೆ ಕೂರಿಸಿ ಗೋಡೆ ತೋರಿಸುತ್ತಿದ್ದಳು. ಯಜಮಾನರು ಹೋದ ಮೇಲೆ ಮೊದಲ ಸಲ ನನಗೆ ಸಿಟ್ಟು ಬಂದಿತ್ತು. ಅವನ ಮೇಲೆ ಸಿಟ್ಟು, ಅವನಿಗಾಗಿ ಮರುಗಿದ ನನ್ನ ಮೇಲೂ ಸಿಟ್ಟು.

ಬಸ್ ಸ್ಟಾಪಿನವರೆಗೆ ಮತ್ತೆ ಅವಳೇ ಬಂದಳು. ಫೋಟೋನೂ ನೆಗೆಟಿವೂ ಇದ್ದ ಕವರನ್ನು ಅವಳ ಕೈಗಿಟ್ಟೆ.

"ಜೋಪಾನ. ಯಾರಾದ್ರೂ ಮತ್ತೆ ಹುಚ್ಚಿ ಅಂದ್ರೆ ತೋರ್ಸು. ಏನ್ಮಾಡ್ತೀಯ ಈಗ? ಬೇಕಾದ್ರೆ ನನ್ನ ಜೊತೆ ಬಾ, ಹೊಳಲೂರಿನ ಬಸ್ ಹತ್ತಿಸ್ತೀನಿ."

"ಬೇಡ ಅಕ್ಕಾ. ಇದಕ್ಕೇ ಅಲ್ವಾ ಇಷ್ಟು ಒದ್ದಾಡಿದ್ದು? ಇರ್ತೀನಿ. ಇನ್ನು ಯಾರೂ ಕಳಿಸೋ ಹಾಗಿಲ್ಲ." ಕವರನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಆ ಸತ್ತವಳು ನನ್ನ ಹೆದರಿಸೋಕೆ ಬರ್ತಾಳೆ ಅಂದ್ಕೊಂಡಿದ್ದೆ ಅಕ್ಕಾ. ಭಯ ಆಗ್ತಿತ್ತು, ಆದ್ರೂ ನನಗೋಸ್ಕರ ಅಂತ ಒಬ್ಬಳು ಬರ್ತಿದ್ಲಲ್ಲ."

ಬಸ್ಸು ಬಂತು. ನಾನು ಹತ್ತಲಿಲ್ಲ, ಇನ್ನೊಂದು ಬಸ್ಸು ಬರುವವರೆಗೆ ಅವಳ ಪಕ್ಕದಲ್ಲೇ ನಿಂತೆ.